ಒಣಹಳ್ಳದಲ್ಲಿ ಮೊದಲ ಒಲೆ

ಇವತ್ತು ಕೇಳಿಯೇ ಕೇಳುತ್ತಾರೆ. ಸೆವ್ಜಿದ್ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಬೂಟಿನ ಜಿಪ್ಪು ಎಳೆಯುತ್ತಿದ್ದಳು. ಅರ್ಧಕ್ಕೆ ಬಂದು ನಿಂತ ಜಿಪ್ಪು ಮೇಲೂ ಹೋಗದು, ಕೆಳಗೂ ಬಾರದು. ಜಿಲ್ಲಾ ಕಚೇರಿಯಿಂದ ಬರುವ ಸಾಹೇಬ ಕೇಳುವುದು ಒಂದೇ ಮಾತು: ಒಣಹಳ್ಳದಲ್ಲಿ ಗುಡಾರ ಹಾಕಿದವರಿಗೆ ಅಲ್ಲಿಂದ ಏಳಿ ಎಂದು ನೀನು ಹೇಳಿದ್ದೆಯೋ ಇಲ್ಲವೋ? ಹೇಳುವುದೇ ಅವಳ ಕೆಲಸ. ಬಾವಿ ಬತ್ತಿ, ಹುಲ್ಲು ಸುಟ್ಟು, ಗೋಬಿ ಮರುಭೂಮಿಯ ಮೂಲೆಮೂಲೆಯಿಂದ ಶಾರ್ ಹುದಗ್ ಊರಿಗೆ ಬಂದು ಬೀಳುವವರಿಗೆ ಎಲ್ಲಿ ಗುಡಾರ ಎತ್ತಬಹುದು, ಎಲ್ಲಿ ಕೂಡದು ಎಂದು ತಿಳಿಸಲಿಕ್ಕೆಂದೇ ಬಡಾವಣೆ ಕಚೇರಿ ಅವಳಿಗೆ ಸಂಬಳ ಕೊಡುತ್ತದೆ. ಅವಳು ಹೇಳಿರಲಿಲ್ಲ. ಹೋದ ವಾರ ಬೆಟ್ಟದ ನೀರು ಇಳಿದು ಬಂದು ಆ ಗುಡಾರವನ್ನೂ ಅದರೊಳಗೆ ಒಬ್ಬಳೇ ಕೂತಿದ್ದ ಮುದುಕಿಯನ್ನೂ ಹೊತ್ತುಕೊಂಡು ಹೋಯಿತು. ಅಂದಿನಿಂದ ಸೆವ್ಜಿದ್‌ಗೆ ಕೈಗೆ ತೆಗೆದುಕೊಂಡ ಯಾವ ಕೆಲಸವೂ ಪೂರ್ತಿಯಾಗುತ್ತಿರಲಿಲ್ಲ.

ಗಂಡ ಜಾಂಬಲ್ ಗಡಿಯಲ್ಲಿ ಕಲ್ಲಿದ್ದಲು ಇಳಿಸಿ ಹಿಂದಿನ ದಿನವಷ್ಟೇ ಬಂದಿದ್ದ. ಲಾರಿಯ ಕಪ್ಪು ಇನ್ನೂ ಕಿವಿಯ ಹಿಂದೆ ಕೂತಿತ್ತು. ಕುರಿಮಾಂಸದ ಸಾರನ್ನು ಬಟ್ಟಲೆತ್ತಿ ಕುಡಿದು ಅವಳನ್ನೇ ನೋಡಿದ.

"ಅಷ್ಟು ಯಾಕೆ ಒದ್ದಾಡ್ತೀಯೇ? 'ಹೇಳಿದ್ದೆ' ಅನ್ನು, ಮುಗೀತು. ಸತ್ತು ಬುದ್ಧನಾದವಳು ಎದ್ದು ಬಂದು ಇಲ್ಲ ಅಂತಾಳಾ?"

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಅವಳ ಮಗ ಇದಾನೆ, ಸೊಸೆ ಇದಾಳೆ. ಅವರನ್ನೂ ಕೇಳ್ತಾರೆ."

"ಕೇಳ್ಲಿ. ಅವರಿಗೇನು ಗೊತ್ತು ನಿನ್ನ ಕೆಲಸ ಏನು ಅಂತ? ಚಹಾ ತಂದ್ಕೊಟ್ಟ ಪುಣ್ಯಾತ್ಗಿತ್ತಿ ಅಂತ ಗೊತ್ತು, ಅಷ್ಟೇ." ಆಮೇಲೆ ದನಿ ತಗ್ಗಿಸಿದ. "ಮತ್ತೆ ಆ ಮೇಲಿನ ಬೇಲಿ ವಿಷಯ ಎತ್ತಬೇಡ. ಯಾರೂ ಕೇಳದೆ ಇದ್ದದ್ದನ್ನ ಹೇಳೋ ಚಟ ನಿಂಗೆ."

ಹೇಳಬೇಕಾದದ್ದನ್ನು ಹೇಳದೆ ಬಂದವಳಿಗೆ ಇವನು ಹೇಳುವ ಚಟ ಎನ್ನುತ್ತಾನೆ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಜಾಂಬಲ್ ಎದ್ದು ಬಂದು, ಬಟ್ಟಲಿನಂಚಿನ ಕೊಬ್ಬನ್ನು ಬೆರಳಿಗೆ ಹಚ್ಚಿಕೊಂಡು ಜಿಪ್ಪಿಗೆ ಸವರಿ, ಅವಳ ಕಾಲನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಎಳೆದ. ಜಿಪ್ಪು ಸರ್ರನೆ ಮೇಲೇರಿತು. ಅವನು ಕೆಟ್ಟವನಾಗಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದುಕೊಂಡು ಅವಳು ಹೊರಬಿದ್ದಳು.

ಕಚೇರಿಗೆ ಹೋಗುವ ದಾರಿಯ ಎರಡೂ ಬದಿಗೆ ಬೇಲಿಗಳು: ಹಲಗೆಯವು, ಲಾರಿಯ ತಗಡಿನವು, ಹಳೆಯ ಮಂಚದ ಸರಳಿನವು. ಶಾರ್ ಹುದಗ್ ಬೆಳೆದದ್ದು ಮನೆಗಳಿಂದಲ್ಲ, ಬೇಲಿಗಳಿಂದ. ಗಣಿ ಬಂದ ಮೇಲೆ, ಹುಟ್ಟಿದ ಮಗುವಿನ ಹೆಸರಲ್ಲೂ ಒಂದು ತುಂಡು ನೆಲ ಎಂದು ಜನ ಬೇಲಿ ಸುತ್ತಿಕೊಂಡು ಕೂತರು. ಒಳಗೆ ಇಣುಕಿದರೆ ಗುಡಾರವೂ ಇಲ್ಲ, ಒಲೆಯೂ ಇಲ್ಲ, ಒಂದು ನಾಯಿಯೂ ಇಲ್ಲ. ಏರಿನ ಮೇಲೆ ಅಂಥದ್ದೇ ಒಂದು ಅವಳದೂ ಇದೆ, ಗಣಿಯ ಕ್ಯಾಂಪಿನಲ್ಲಿ ಅಡುಗೆ ಮಾಡುವ ಮಗನ ಹೆಸರಿನಲ್ಲಿ. ಅದರೊಳಗಿರುವುದು ಒಂದು ಲಾರಿ ಟಯರು, ಗಾಳಿ ತಂದು ಸೇರಿಸಿದ ಮುಳ್ಳು. ಮಹಡಿಮನೆ ಕಟ್ಟುವವರು ಬಂದಾಗ ಖಾಲಿ ನೆಲಕ್ಕೇ ಬೆಲೆ, ಒಮ್ಮೆ ಯಾರಿಗಾದರೂ ಗುಡಾರ ಹಾಕಲು ಬಿಟ್ಟರೆ ಅವರನ್ನು ಎಬ್ಬಿಸುವುದು ಬ್ರಹ್ಮವಿದ್ಯೆ ಎಂದು ಜಾಂಬಲ್ ಹೇಳುತ್ತಿದ್ದುದು ನಿಜವೇ. ಆದರೆ ಚಹಾ ಕೊಟ್ಟ ಆ ದಿನ ಮುದುಕಿಯ ಎದುರು ನಿಂತಾಗ ಆ ಬೇಲಿ ಅವಳ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು. ಮುದುಕಿಯ ತಲೆಯ ಮೇಲಿಂದ, ಏರಿನ ತುದಿಯಲ್ಲಿ. 'ನಮ್ಮ ಬೇಲಿಯೊಳಗೆ ಹಾಕ್ಕೊಳ್ಳಿ' ಎನ್ನಲು ಎಷ್ಟು ಹೊತ್ತು ಬೇಕು? ಹಾಗೆ ಅನ್ನಬೇಕೆಂದು ಹೊಳೆಯಲಿಲ್ಲವೇ? ಹೊಳೆದಿತ್ತು. ಅದನ್ನು ಅವಳು ಗಂಡನಿಗೂ ಹೇಳಿಲ್ಲ.

ನೀರಿನ ಗೂಡಂಗಡಿಯ ಮುಂದೆ ಸಾಲು ಬೆಳೆದಿತ್ತು. ತಳ್ಳುಗಾಡಿ, ನೀಲಿ ಡ್ರಮ್ಮು, ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಅವಳನ್ನು ಕಂಡು ಒಂದಿಬ್ಬರ ಮಾತು ನಿಂತಿತು. ಮಾತು ನಿಂತಿತೋ, ಇವಳಿಗೇ ಹಾಗನ್ನಿಸಿತೋ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಚಹಾ ಕೊಟ್ಟು ಬಂದ ಮರುದಿನ ಇವಳೇ ತನಗೆ ಸಮಾಧಾನ ಹೇಳಿಕೊಂಡಿದ್ದಳು. ಸೊಸೆ ಇಲ್ಲಿಗೆ ಬಂದೇ ಬರುತ್ತಾಳೆ, ನಿಂತ ನಿಲುವಿನಲ್ಲಿ ಸಲೀಸಾಗಿ ಹೇಳಿಬಿಡಬಹುದು: ನೋಡಮ್ಮಾ, ಅಲ್ಲಿ ಬೇಡ, ಬೇರೆ ಕಡೆ ನೋಡಿಕೊಳ್ಳಿ. ಸೊಸೆ ಬಂದಿದ್ದಳು. ಇದೇ ಸಾಲಿನಲ್ಲಿ, ಹಸಿರು ನಿಲುವಂಗಿ ತೊಟ್ಟು, ಬೆನ್ನು ತಿರುಗಿಸಿ ನಿಂತಿದ್ದಳು. ನಲ್ಲಿಯಿಂದ ಡ್ರಮ್ಮಿಗೆ ನೀರು ಬೀಳುವುದನ್ನು ಆ ಹುಡುಗಿ ಬಗ್ಗಿ ಬಗ್ಗಿ ನೋಡುತ್ತಿದ್ದಳು, ಇಷ್ಟು ನೀರು ಒಮ್ಮೆಗೇ ಬೀಳುವುದನ್ನು ಕಂಡು ಎಷ್ಟು ದಿನವಾಗಿತ್ತೋ. ಸೆವ್ಜಿದ್ ಖಾಲಿ ಕ್ಯಾನು ಹಿಡಿದುಕೊಂಡೇ ಮನೆಗೆ ಹಿಂದಿರುಗಿದ್ದಳು. ಅವತ್ತು ಜಾಂಬಲ್‌ಗೆ ನಲ್ಲಿ ಕೆಟ್ಟಿದೆ ಎಂದು ಸುಳ್ಳು ಹೇಳಿದಳು. ಆಮೇಲಿನ ದಿನಗಳಲ್ಲಿ ಹಳ್ಳದ ಕಡೆಯ ದಾರಿ ಬಿಟ್ಟು ಮೇಲಿನ ದಾರಿ ಹಿಡಿದಳು, ಸಾಲ ಮಾಡಿದವರು ಅಂಗಡಿಯ ಮುಂದೆ ಹಾಯದೆ ತಪ್ಪಿಸಿಕೊಳ್ಳುವ ಹಾಗೆ.

ಕಚೇರಿಯಲ್ಲಿ ಸಾಹೇಬ ಅವಳನ್ನು ಬಹಳ ಹೊತ್ತು ಹೊರಗೆ ನಿಲ್ಲಿಸಿದ. ಒಳಗಿಂದ ನಗು ಕೇಳಿಸುತ್ತಿತ್ತು. ಬಾಗಿಲು ತೆರೆದಾಗ ಕಂಡದ್ದು ಅವಳ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಾದ ಹುಡುಗ. ಧೂಳು ಕೂರದ ಬೂಟು, ಗಲ್ಲದ ಕೆಳಗೆ ಇಳಿಸಿಕೊಂಡ ಬಿಳಿ ಮಾಸ್ಕು, ಬಾಯಲ್ಲಿ ಮಿಠಾಯಿ.

"ನೀವೇನಾ ಆ ಅಕ್ಕ? ಬನ್ನಿ, ಜಾಗ ನೋಡಿ ಬರೋಣ. ಹಿಂದೆ ಕೂತ್ಕೊಳ್ಳಿ, ಮುಂದೆ ನನ್ನ ಬ್ಯಾಗಿದೆ."

ಬ್ಯಾಗು ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತ್ತು. ಅವಳು ಹಿಂದೆ, ಮಡಿಸಿಟ್ಟ ಕೊಡೆ ಮತ್ತು ಬಾಟಲಿ ನೀರಿನ ಕಟ್ಟಿನ ನಡುವೆ ಕೂತಳು. ಸಾಹೇಬನೇ ಓಡಿಸುತ್ತಿದ್ದ ಕಾರು ಇಳಿಜಾರಿಗೆ ತಿರುಗುತ್ತಲೇ ಬಲಗಡೆ ಒಡ್ಡು ಕಂಡಿತು. ಎರಡು ವರ್ಷದ ಹಿಂದೆ ದೊಡ್ಡವರು ಯಾರೋ ಬರುತ್ತಾರೆಂದು ಅವಸರದಲ್ಲಿ ಎತ್ತಲು ಶುರುಮಾಡಿ, ಬಂದುಹೋದ ಮೇಲೆ ಅರ್ಧಕ್ಕೇ ಬಿಟ್ಟ ಮಣ್ಣಿನ ಒಡ್ಡು. ಕೆಳಗಿನಿಂದ ನೋಡಿದರೆ ಅದು ಪೂರ್ತಿಯಾಗಿದೆ ಎಂದೇ ಕಾಣುತ್ತದೆ. ಬೆಟ್ಟದ ಕಡೆಯ ಬಾಯಿ ತೆರೆದಿರುವುದು ಊರಿನವರಿಗೆ ಮಾತ್ರ ಗೊತ್ತು.

"ಆ ಒಡ್ಡು..." ಎಂದಳು ಸೆವ್ಜಿದ್.

"ಒಡ್ಡು ಬೇರೆ ಇಲಾಖೆ ಅಕ್ಕ. ನನ್ನ ಪಾಲಿಗೆ ಬರಲ್ಲ. ನನ್ನದು ಎಚ್ಚರಿಕೆ ಕೊಟ್ಟಿದ್ರಾ ಇಲ್ವಾ, ಅಷ್ಟೇ." ಕನ್ನಡಿಯಲ್ಲಿ ಅವಳ ಕಡೆ ನೋಡಿದ. "ಕೊಟ್ಟಿದ್ರಿ ತಾನೇ?"

ಅವಳು ಕೆಮ್ಮಿದಳು. ಕಲ್ಲಿದ್ದಲ ಧೂಳಿನ ಊರಿನಲ್ಲಿ ಕೆಮ್ಮಿದರೆ ಯಾರೂ ಸಂಶಯಪಡುವುದಿಲ್ಲ. ಸಾಹೇಬ ಗಾಜು ಏರಿಸಿ, ಅವರನ್ನೂ ಕೇಳೋಣ ಬಿಡಿ ಎಂದ.

ಹಳ್ಳದ ಮರಳಿಗಿಳಿದ ಕಾರು ಹೊಯ್ದಾಡಿತು. ಅವರು ಬಂದ ದಿನ ಅವಳು ಇಲ್ಲಿಗೆ ಇಳಿದು ಬಂದದ್ದು ಅವರನ್ನು ಎಬ್ಬಿಸಲಿಕ್ಕೆಂದೇ. ಕಚೇರಿಯ ಟೋಪಿ ಹಾಕಿಕೊಂಡು, ಬಾಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದಳು. ನೀಲಿ ಲಾರಿಯಿಂದ ಸಾಮಾನು ಇಳಿದಿತ್ತು. ಮುದುಕಿಯ ಮಗ ಗೆಲೆಗ್ ಮರದ ಜಾಲರಿ ಗೋಡೆ ಬಿಡಿಸಿ ನಿಲ್ಲಿಸುತ್ತಿದ್ದ, ಸೊಸೆ ದುಲ್ಮಾ ನಡುಗಂಬ ಹಿಡಿದಿದ್ದಳು, ಮುದುಕಿ ಬಣ್ಣದ ಪೆಟ್ಟಿಗೆಯ ಮೇಲೆ ಕೂತು ಹಗ್ಗದ ಸಿಕ್ಕು ಬಿಡಿಸುತ್ತಿದ್ದಳು. ಗುಡಾರ ಎತ್ತುತ್ತಿರುವವರ ಮುಂದೆ ಬರಿಗೈಲಿ ಹಾದವಳ ಒಲೆ ಹೊತ್ತುವುದಿಲ್ಲ ಎಂದು ಸೆವ್ಜಿದ್‌ಳ ಅವ್ವ ಹೇಳುತ್ತಿದ್ದಳು. ಹೊಸದಾಗಿ ಬಂದಿಳಿದವರ ಒಲೆ ಹೊತ್ತಲು ತಡವಾಗುತ್ತದೆ. ಹತ್ತಿರದ ಗುಡಾರದವರು ಬಿಸಿ ಚಹಾ, ತಿನ್ನಲು ಏನಾದರೂ ತೆಗೆದುಕೊಂಡು ಹೋಗುವುದು ಎಂದಿನಿಂದಲೂ ನಡೆದು ಬಂದದ್ದು. ಊರಿನಲ್ಲಿ ಅದು ನಿಂತುಹೋಗಿ ಎಷ್ಟೋ ಕಾಲವಾಗಿದೆ, ಇಲ್ಲಿ ಬೇಲಿಯಾಚೆ ಯಾರು ಬಂದರು, ಯಾರು ಹೋದರು ಎಂದು ಯಾರೂ ನೋಡುವುದಿಲ್ಲ. ಅವಳು ಮಾತಾಡದೆ ಮನೆಗೆ ಹಿಂದಿರುಗಿ, ಹಾಲು ಉಪ್ಪು ಹಾಕಿ ಚಹಾ ಕುದಿಸಿ, ಫ್ಲಾಸ್ಕಿಗೆ ತುಂಬಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸಗ್‌ಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಟೋಪಿಯನ್ನು ಮನೆಯಲ್ಲೇ ಬಿಟ್ಟು ಬಂದಳು. ಇಳಿಜಾರಿನಲ್ಲಿ ಬರುತ್ತ ಎದೆ ತುಂಬಿ ಬಂದಿತ್ತು, ಅದು ಸುಳ್ಳಲ್ಲ. ಆದರೆ ಅದು ಅವರ ಮೇಲಿನ ಮರುಕವಾಗಿರಲಿಲ್ಲ. ನೋಡು, ನಾನಿನ್ನೂ ಅವ್ವನ ಮಗಳೇ ಎಂಬ ಹೆಮ್ಮೆ.

ಮುದುಕಿ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಉಂಗುರದ ಬೆರಳು ಅದ್ದಿ ಮೊದಲ ಹನಿಯನ್ನು ಆಕಾಶಕ್ಕೆ ಚಿಮುಕಿಸಿ, ಕುಡಿದು, ಮಗನನ್ನು ಕರೆದಳು. "ನೋಡೋ ಗೆಲೆಗ್, ಊರಲ್ಲಿ ಮನುಷ್ಯರಿಲ್ಲ ಅಂತಿದ್ದೆಯಲ್ಲ, ಇಲ್ಲಿದಾರೆ ನೋಡು!" ಆಮೇಲೆ ಸೆವ್ಜಿದ್‌ಳ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು. "ಮಗಳೇ, ಇದು ನೀರಿನ ಹಾಸಿಗೆ ಅಲ್ವಾ? ನಾವು ಹುಟ್ಟಿದಾಗಿಂದ ಹಳ್ಳದಲ್ಲಿ ಒಲೆ ಹೂಡಿದವರಲ್ಲ. ಏನ್ಮಾಡೋದು, ಮೇಲೆಲ್ಲ ಬೇಲಿ. ಅಗೋ ಒಡ್ಡು ಕಾಣ್ತದಲ್ಲ, ಊರವರು ನೀರನ್ನ ಆ ಕಡೆಗೆ ತಿರುಗಿಸಿದಾರೆ ಅಂತಾನೆ ನನ್ನ ಮಗ. ಹೌದಾ?"

ಅದೇ ಹೊತ್ತಿಗೆ ಸೊಸೆ ಒಲೆಗೆ ಬೆಂಕಿ ಇಟ್ಟಿದ್ದಳು. ಇನ್ನೂ ಕಂಬಳಿ ಹೊದಿಸದ ಜಾಲರಿಯ ನಡುವೆ ಒಲೆಯೊಂದೇ ಹೊಗೆ ಕಾರುತ್ತಿತ್ತು. ಹೊಸ ಜಾಗದಲ್ಲಿ ಮೊದಲ ಬೆಂಕಿ ಹೊತ್ತುವಾಗ ಕೆಟ್ಟ ಮಾತು ಆಡಬಾರದು. ಪ್ರವಾಹ, ಸಾವು, ಬರ ಎಂಬ ಶಬ್ದಗಳು ಆ ಬೆಂಕಿಯ ಕಿವಿಗೆ ಬಿದ್ದರೆ ಕರೆದಂತೆಯೇ. ಇದು ಮುದುಕಿಗೂ ಗೊತ್ತು, ಅದಕ್ಕೇ ಅವಳು ಕೂಡ ನೀರು ಎಂದಳೇ ಹೊರತು ಪ್ರವಾಹ ಎನ್ನಲಿಲ್ಲ. ಸೆವ್ಜಿದ್‌ಳ ನಾಲಿಗೆಯ ಮೇಲೆ ಮಾತು ನುಂಗಲಾರದ ಉಗುಳಲಾರದ ತುತ್ತಾಯಿತು. ನಾಳೆ ಹೇಳಿದರಾಯಿತು, ಬೆಂಕಿ ಹಳತಾಗಲಿ ಎಂದುಕೊಂಡು ಹೇಳಿದಳು: "ಮೊದಲು ಚಹಾ ಕುಡೀರಿ ಅಜ್ಜಿ. ಬೋರ್ಸಗ್ ತಗೊಳ್ಳಿ, ಬಿಸಿ ಇದೆ." ಮುದುಕಿ ಅವಳ ಮುಖವನ್ನೊಮ್ಮೆ ನೋಡಿ ತಲೆಯಾಡಿಸಿದಳು. ಆ ತಲೆಯಾಡಿಕೆಯ ಅರ್ಥ ಸೆವ್ಜಿದ್‌ಗೆ ಆಗಲೇ ಗೊತ್ತಿತ್ತು. ಮೊದಲಿನಿಂದ ಇರುವವರು ಚಹಾ ತಂದರೆಂದರೆ ಜಾಗ ಕೊಟ್ಟರೆಂದೇ ಅರ್ಥ. ಕೂಡದ ಜಾಗಕ್ಕೆ ಯಾರೂ ಚಹಾ ಹೊತ್ತು ತರುವುದಿಲ್ಲ. ಜಾಲರಿಗೆ ಕಂಬಳಿ ಹೊದಿಸು ಎಂದು ಮುದುಕಿ ಮಗನಿಗೆ ಹೇಳಿದಳು.

ನೀರು ಬಂದ ದಿನ ಊರಿನಲ್ಲಿ ಒಂದು ಹನಿಯೂ ಬೀಳಲಿಲ್ಲ. ಬೆಟ್ಟದ ಮೇಲೆ ಮೋಡ ಕಪ್ಪಾಗಿ ಕೂತಿತ್ತು, ಅದನ್ನು ನೋಡಲು ಕಚೇರಿಯವರೆಲ್ಲ ಖುಷಿಯಿಂದ ಹೊರಗೆ ಬಂದಿದ್ದರು, ಈ ಸಲವಾದರೂ ಹುಲ್ಲು ಬರುತ್ತದೆ ಎಂದು ಯಾರೋ ಕೈ ಮುಗಿದರು. ದಡದಡ ಸದ್ದು ಕೇಳಿದಾಗ ಕಲ್ಲಿದ್ದಲ ಲಾರಿಗಳ ಸಾಲು ಬರುತ್ತಿದೆ ಎಂದುಕೊಂಡರು. ಸೆವ್ಜಿದ್‌ಗೆ ಮಾತ್ರ ಒಂದು ಗಳಿಗೆ ಮುಂಚೆ ತಿಳಿಯಿತು. ಓಡಿದಳು, ಬೂಟು ಕಳಚಿ ಬಿತ್ತು, ಆದರೂ ಓಡಿದಳು. ಏರಿನಂಚಿಗೆ ಬಂದು ನಿಂತಾಗ ಹಳ್ಳದ ತುಂಬ ಕೆಸರು ಬಣ್ಣದ ನೀರು, ಅದರಲ್ಲಿ ಹಲಗೆ, ಪ್ಲಾಸ್ಟಿಕ್ಕು, ಸತ್ತ ಮೇಕೆ. ಗುಡಾರ ಇದ್ದ ಕಡೆ ಏನೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ನೀರು ತರಲು ಹೋಗಿದ್ದರಂತೆ. ಆಚೆ ದಂಡೆಯಲ್ಲಿ ದುಲ್ಮಾ ತುಂಬಿದ ಡ್ರಮ್ಮಿನ ಗಾಡಿಯನ್ನು ಬಿಡದೆ ಹಿಡಿದುಕೊಂಡು ನಿಂತಿದ್ದಳು, ಬಾಯಿ ತೆರೆದಿತ್ತು, ಸದ್ದು ಕೇಳಿಸುತ್ತಿರಲಿಲ್ಲ.

"ಇಲ್ಲೇನಾ?" ಎಂದ ಸಾಹೇಬ. ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ನಿಂತು ಮೊಬೈಲಿನಲ್ಲಿ ಆ ಕಡೆ ಈ ಕಡೆ ಚಿತ್ರ ತೆಗೆದ. ಅವಳನ್ನೂ ನಿಲ್ಲಿಸಿ, ಕೈ ತೋರಿಸಿ ಅಕ್ಕ, ಗುಡಾರ ಎಲ್ಲಿತ್ತು ತೋರಿಸಿ ಎಂದು ಒಂದು ತೆಗೆದ. ಅವಳು ಕೈ ತೋರಿಸಿದಳು. ಕೈ ಸರಿಯಾದ ಕಡೆಗಿತ್ತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ, ನೆಲವೆಲ್ಲ ಒಂದೇ ಸಮನಾಗಿತ್ತು.

ಗೆಲೆಗ್‌ನನ್ನೂ ದುಲ್ಮಾಳನ್ನೂ ಶಾಲೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಇರಿಸಿದ್ದರು. ಕಾರು ಅಲ್ಲಿಗೆ ಹೋದಾಗ ಗೆಲೆಗ್ ನೀರಿನಲ್ಲಿ ಸಿಕ್ಕಿದ ಕಂಬಳಿ ತುಂಡುಗಳನ್ನು ಬೇಲಿಯ ಮೇಲೆ ಹರಡಿ ಕೋಲಿನಿಂದ ಬಡಿಯುತ್ತಿದ್ದ. ಒಂದೊಂದು ಏಟಿಗೂ ಒಣಕೆಸರು ಪುಡಿಯಾಗಿ ಉದುರುತ್ತಿತ್ತು. ಅರ್ಧ ಗುಡಾರಕ್ಕೂ ಸಾಲದಷ್ಟು ಕಂಬಳಿ. ದುಲ್ಮಾ ಹೊಸ್ತಿಲಲ್ಲಿ ಕೂತು ಹರಿದ ಅಂಚು ಹೊಲಿಯುತ್ತಿದ್ದಳು. ಸೆವ್ಜಿದ್‌ಳನ್ನು ಕಂಡು ಇಬ್ಬರೂ ಎದ್ದು ನಿಂತರು. ಬಂದ ಸಾಹೇಬನಿಗಲ್ಲ, ಅವಳಿಗೆ. ಅವಳಿಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಬೈದಿದ್ದರೆ, ಆ ಕೋಲಿನಿಂದ ಒಂದು ಬಾರಿಸಿದ್ದರೆ ನಿಂತುಕೊಳ್ಳಬಹುದಿತ್ತು.

ಸಾಹೇಬ ಮಾಸ್ಕು ಸರಿಮಾಡಿಕೊಂಡು ದುಃಖದ ಮಾತು ಎರಡು ಹೇಳಿ ಕೇಳಿದ: "ಅಲ್ಲಿ ಗುಡಾರ ಹಾಕಬೇಡಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

ಗೆಲೆಗ್ ಉತ್ತರ ಕೊಡುವ ಮುಂಚೆ ಸೆವ್ಜಿದ್‌ಳ ಮುಖ ನೋಡಿದ. ಬಿಸಿಲಿಗೆ ಸುಲಿದ ಕೆನ್ನೆ, ಉಸುಕು ಕೂತ ರೆಪ್ಪೆ. ಅವನಿಗೆ ಏನು ಕಂಡಿತೋ, ಅವಳ ಮುಖದಲ್ಲಿ ಎಷ್ಟು ಹೆದರಿಕೆ ಇತ್ತೋ.

"ಈ ಅಕ್ಕ ಹೇಳಿದ್ರು," ಎಂದ. "ಬಂದ ದಿನವೇ ಹೇಳಿದ್ರು. ನಮ್ಮವ್ವ ಕೇಳಲಿಲ್ಲ. ವಯಸ್ಸಾಗಿತ್ತು, ಹಟ ಜಾಸ್ತಿ. ನಾ ಏಳೋದಿಲ್ಲ ಅಂತ ಕೂತುಬಿಟ್ಲು."

ದುಲ್ಮಾಳ ಸೂಜಿ ನಿಂತಿತು. ಅವಳು ಗಂಡನನ್ನು ನೋಡಿದಳು. ಹಟ ಎಂದರೇನೆಂದೇ ತಿಳಿಯದ, ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಹೌದಾ ಮಗಳೇ ಎಂದು ಮಗುವಿನ ಹಾಗೆ ಕೇಳಿದ ಮುದುಕಿ. ಸತ್ತವರ ಮೇಲೆ ಹೊರೆ ಹೊರಿಸಬಾರದು, ಅವರು ಹೋಗುವ ದಾರಿ ಭಾರವಾಗುತ್ತದೆ. ಹೆತ್ತ ಮಗನೇ ಈಗ ಅದನ್ನು ಹೊರಿಸಿದ್ದ.

"ಹೌದಾ ಅಕ್ಕ?" ಎಂದ ಸಾಹೇಬ.

ಇಲ್ಲ ಎನ್ನಬೇಕು. ಇಲ್ಲ ಎಂದರೆ ಇವನನ್ನು ಸುಳ್ಳುಗಾರ ಮಾಡಿದಂತೆ ಎಂಬ ನೆವ ಅವಳಿಗೆ ತಟ್ಟನೆ ಸಿಕ್ಕಿತು. ನೆವಗಳು ಯಾವಾಗಲೂ ಅವಳಿಗೆ ಎಷ್ಟು ಬೇಗ ಸಿಗುತ್ತವೆ.

"ಹೌದು," ಎಂದಳು.

"ಸರಿ, ಹಾಗಿದ್ರೆ ಸುಲಭ ಆಯ್ತು." ಸಾಹೇಬ ನಿಟ್ಟುಸಿರುಬಿಟ್ಟು ಗೆಲೆಗ್ ಕಡೆ ತಿರುಗಿದ. "ನೋಡ್ರಪ್ಪಾ, ಬೇಜಾರು ಮಾಡ್ಕೋಬೇಡಿ. ಎಚ್ಚರಿಕೆ ಕೊಟ್ಟ ಮೇಲೂ ಕೂತವರಿಗೆ ಸರ್ಕಾರದ ಗುಡಾರ ಸಿಗೋದಿಲ್ಲ. ಚಳಿಗಾಲದೊಳಗೆ ನೀವೇ ಏನಾದ್ರೂ ನೋಡ್ಕೋಬೇಕು. ಹೇಳಿಲ್ಲ ಅಂತಿದ್ರೆ ಬೇರೆ ಮಾತು."

ಗೆಲೆಗ್‌ಗೆ ಇದು ಗೊತ್ತಿರಲಿಲ್ಲ. ಅದು ಅವನ ಕೈಯಲ್ಲಿದ್ದ ಕೋಲಿನಿಂದಲೇ ತಿಳಿಯಿತು; ಎತ್ತಿದ್ದ ಕೋಲು ನಿಧಾನಕ್ಕೆ ಕೆಳಗಿಳಿಯಿತು. ಅವನು ಬೇಲಿಯ ಮೇಲಿನ ಕಂಬಳಿ ತುಂಡುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಈಗ ಮಾತು ತಿರುಗಿಸುತ್ತಾನೆ ಎಂದು ಸೆವ್ಜಿದ್ ಕಾದಳು. ತಿರುಗಿಸಲಿ ಎಂದು ಬೇಡಿಕೊಂಡಳು. ತಾನೇ ತಿರುಗಿಸಬಹುದಿತ್ತು, ಬಾಯಿ ತೆರೆದರೆ ಸಾಕಿತ್ತು.

"ಆಗ್ಲಿ ಬಿಡಿ," ಎಂದ ಗೆಲೆಗ್.

ಸಾಹೇಬ ಕಾರಿನ ಕಡೆ ಹೋದ. ಸೆವ್ಜಿದ್ ಅಲ್ಲೇ ನಿಂತಳು. ಗಾಳಿಗೆ ಕಂಬಳಿಯ ತುದಿ ಹಾರಿ ಅವಳ ಭುಜಕ್ಕೆ ಬಡಿಯಿತು, ಕೆಸರಿನ ವಾಸನೆ.

"ಯಾಕೆ ಹಂಗೆ ಹೇಳಿದೆ ತಮ್ಮಾ?" ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. "ನಾನು ಹೇಳಿರಲಿಲ್ಲ. ನಿಂಗೆ ಗೊತ್ತು."

"ಗೊತ್ತು ಅಕ್ಕಾ." ಅವನು ನೆಲ ನೋಡುತ್ತ ಮಾತಾಡಿದ. "ನಿಮ್ಮ ಕೆಲಸ ಹೋಗ್ತದೆ ಅಂತ ನೀರಿನ ಸಾಲಲ್ಲಿ ಮಾತಾಡ್ತಿದ್ರು. ನಮ್ಮವ್ವ ಇದ್ದಷ್ಟು ದಿನ ನಿಮ್ಮ ಮಾತೇ. ಈ ಊರಲ್ಲಿ ನಮಗೆ ಗೊತ್ತಿರೋರು ಅಂದ್ರೆ ನೀವೊಬ್ರೇ ಅಲ್ವಾ."

ದುಲ್ಮಾ ಮಾತ್ರ ತಲೆಯೆತ್ತಿ ಸೆವ್ಜಿದ್‌ಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಉಪಕಾರ ಸ್ಮರಣೆ ಇರಲಿಲ್ಲ. ಕಾರಿನ ಹಾರ್ನು ಕೇಳಿತು, ಮತ್ತೊಮ್ಮೆ ಕೇಳಿತು. ಸೆವ್ಜಿದ್ ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.

ಕಾರು ಏರು ಹತ್ತಿ ಬೇಲಿಗಳ ನಡುವೆ ಹೊರಳಿತು. ಸಾಹೇಬ ಈಗ ಹಗುರವಾಗಿದ್ದ, ಮಾಸ್ಕು ತೆಗೆದಿದ್ದ. "ನೋಡಿ ಅಕ್ಕ, ಹಳ್ಳಿಯವರು ಹಿಂಗೇ. ಬಾಯಿ ಬಡ್ಕೊಂಡ್ರೂ ಕೇಳಲ್ಲ. ನಿಮ್ಮಂಥೋರು ಇನ್ನೇನು ಮಾಡಕ್ಕಾಗುತ್ತೆ?" ಒಂದು ಕೈಯಲ್ಲಿ ಕಾರು ಓಡಿಸುತ್ತ, ಇನ್ನೊಂದು ಕೈಯಲ್ಲಿ ಮಿಠಾಯಿಯ ಪೊಟ್ಟಣವನ್ನು ಹಿಂದಕ್ಕೆ ಚಾಚಿದ. ಕೊಟ್ಟದ್ದನ್ನು ಬೇಡ ಎನ್ನುವ ರೂಢಿಯಿಲ್ಲ. ಅವಳು ಬಲಗೈ ಚಾಚಿ, ಎಡಗೈಯನ್ನು ಮೊಣಕೈಗೆ ಆನಿಸಿ, ಒಂದನ್ನು ತೆಗೆದುಕೊಂಡಳು. ಕಚೇರಿ ಕಾಣಿಸಿತು.

"ಸಂಜೆಗೆಲ್ಲ ವರದಿ ಕಳಿಸಿಬಿಡ್ತೀನಿ," ಎಂದ ಸಾಹೇಬ. "ನೀವು ಇನ್ನೇನಾದ್ರೂ ಸೇರಿಸೋದಿತ್ತಾ?"

ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿತ್ತು.

"ಇಲ್ಲ," ಎಂದಳು ಸೆವ್ಜಿದ್.